ಎರಡು ನಾಲಿಗೆಯಕ್ಕ

ಹಗ್ಗ ಹೊಸೆಯುವವನ ಹೆಂಡತಿಗೆ ಊರಿನವರು ಇಟ್ಟ ಹೆಸರು ಎರಡು ನಾಲಿಗೆಯಕ್ಕ. ಇಟ್ಟಾಗ ಅದರಲ್ಲಿ ಕೊಂಕೇನೂ ಇರಲಿಲ್ಲ. ಊರಿನ ಮಾತು, ಕುರಿಯವರ ಮಾತು ಎರಡನ್ನೂ ಬಲ್ಲವಳು ಆ ಸೀಮೆಗೆಲ್ಲ ಅವಳೊಬ್ಬಳೇ ಆಗಿದ್ದಳು. ಇಪ್ಪತ್ತೆರಡು ವರ್ಷ ಕಳೆದ ಮೇಲೆ ಅದೇ ಹೆಸರನ್ನು ಒಂದಕ್ಷರವೂ ಬದಲಿಸದೆ ಬೈಗುಳವಾಗಿ ಬಳಸಿದರು. ಹೊಸ ಹೆಸರು ಹುಡುಕುವ ಶ್ರಮ ಯಾರಿಗೂ ಬೀಳಲಿಲ್ಲ.

ಅವಳು ಹುಟ್ಟಿದ್ದು ಕುರಿಯವರಲ್ಲಿ. ಸುಗ್ಗಿ ಮುಗಿದು ಹೊಲಗಳಲ್ಲಿ ಬರೀ ಕೂಳೆ ಉಳಿದಾಗ ಕುರಿಯವರು ಸಾವಿರ ಚಿಲ್ಲರೆ ಕುರಿ, ಹತ್ತಾರು ಹೇರುಕತ್ತೆ, ಮಕ್ಕಳುಮರಿಗಳ ಸಮೇತ ಬೆಟ್ಟ ಇಳಿದು ಬರುತ್ತಿದ್ದರು. ಕೆರೆಯ ಆಚೆ ದಡದಲ್ಲಿ ನಲವತ್ತು ದಿನ ಬೀಡುಬಿಟ್ಟು ಮತ್ತೆ ಹೊರಟುಬಿಡುತ್ತಿದ್ದರು. ಕುರಿಗಳಿಗೆ ಊರಿನ ಕೂಳೆ ಬೇಕು, ಕೆರೆಯ ನೀರು ಬೇಕು. ಊರಿನ ಹೊಲಗಳಿಗೆ ಕುರಿಗಳ ಗೊಬ್ಬರ ಬೇಕು. ಹೀಗೆ ಒಬ್ಬರಿಲ್ಲದೆ ಒಬ್ಬರಿಗೆ ಆಗುತ್ತಿರಲಿಲ್ಲವಾದ್ದರಿಂದ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ.

ಕುರಿಮಂದೆಯ ಸುತ್ತ ಕಟ್ಟುವ ಬಲೆಗೆ ಹಗ್ಗ ಬೇಕಲ್ಲ, ಅದಕ್ಕಾಗಿ ಅವಳಪ್ಪ ವರ್ಷಕ್ಕೊಮ್ಮೆ ಹಗ್ಗದ ಅಂಗಳಕ್ಕೆ ಬರುತ್ತಿದ್ದ. ಜೊತೆಗೆ ಮಗಳು. ಊರಿನ ಮಾತನ್ನು ಅವಳು ಕಲಿತದ್ದು ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಊರಿನ ಹೆಂಗಸರು ಪರಸ್ಪರ ಬೈದಾಡುವುದನ್ನು ಕೇಳಿಸಿಕೊಂಡು. ಹಾಗಾಗಿ ಬೈಗುಳ ಮೊದಲು ಬಂತು, ಉಳಿದದ್ದು ಆಮೇಲೆ. ಹಗ್ಗದ ಅಂಗಳವೆಂದರೆ ಅರವತ್ತು ಹೆಜ್ಜೆ ಉದ್ದದ ಓಣಿಯಂಥ ಜಾಗ. ಒಂದು ತುದಿಯಲ್ಲಿ ಯಾರಾದರೂ ರಾಟೆ ತಿರುಗಿಸಬೇಕು. ಹೊಸೆಯುವವನು ಕತ್ತಾಳೆ ನಾರನ್ನು ಸೊಂಟಕ್ಕೆ ಸುತ್ತಿಕೊಂಡು ಎಳೆ ಬಿಡುತ್ತ ಬಿಡುತ್ತ ಹಿಂದಕ್ಕೆ ನಡೆಯಬೇಕು. ಹಗ್ಗದವನು ದಿನವಿಡೀ ಹಾಗೆ ಹಿಂದಕ್ಕೆ ನಡೆಯುವವನು, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಮೂರನೆಯ ವರ್ಷ ಅವನು ಹುಡುಗಿಯನ್ನು ನೋಡುತ್ತ ಹಿಂದಕ್ಕೆ ನಡೆದು ನಡೆದು ಅಂಗಳದ ಗೋಡೆಗೆ ತಲೆ ಗುದ್ದಿಕೊಂಡ. ಅವಳು ನಕ್ಕಳು. ಎರಡು ಭಾಷೆ ಬಲ್ಲವಳು ಒಂದನ್ನೂ ಸರಿಯಾಗಿ ಬಳಸದವನನ್ನು ಮದುವೆಯಾದಳು.

ಎರಡೂ ಕಡೆಯವರು ಸಿಟ್ಟಾದರು. ಮನೆಗೆ ಗೋಡೆ ಇರುವವರ ಜೊತೆ ಬಾಳಲು ಹೊರಟ ಮಗಳ ಬುದ್ಧಿಗೆ ಏನಾಗಿದೆಯೋ ಎಂದು ಅವಳಪ್ಪ ಅತ್ತ. ಕುರಿಯ ವಾಸನೆ ಮನೆ ಬಿಟ್ಟು ಹೋಗುವುದಿಲ್ಲ ಎಂದು ಅತ್ತೆ ಆರು ತಿಂಗಳು ಕಿಟಕಿಗಳನ್ನು ತೆರೆದಿಟ್ಟಳು. ಏಳನೆಯ ತಿಂಗಳು ಚಳಿ ಬಂತು, ಸೊಸೆ ತಂದಿದ್ದ ಉಣ್ಣೆಯ ಹೊದಿಕೆ ಹೊದ್ದುಕೊಂಡು ಅತ್ತೆಯೇ ಕಿಟಕಿ ಮುಚ್ಚಿದಳು.

ದುಭಾಷಿಯ ಕೆಲಸ ಅವಳ ತಲೆಗೆ ಬಂದದ್ದು ಮದುವೆಯಾದ ಮರುವರ್ಷ. ಕುರಿಗಳು ಯಾರದೋ ಗೋಧಿಗೆ ನುಗ್ಗಿದ್ದವು. ತಡವಾಗಿ ಬಿತ್ತಿದ್ದರಿಂದ ಕೊಯ್ಲಿಗೆ ಇನ್ನೂ ಎರಡು ದಿನವಿದ್ದ ಗೋಧಿ. ಕೆರೆ ಏರಿಯ ಮೇಲೆ ಊರಿನ ಇಪ್ಪತ್ತು ಗಂಡಸರು ಕುಡುಗೋಲು ಹಿಡಿದು ನಿಂತಿದ್ದರು, ಕೆಳಗೆ ಕುರಿಯವರು ಕೋಲು ಹಿಡಿದು ನಿಂತಿದ್ದರು. ಊರಿನವರ ಮುಂದೆ ಊರ ಯಜಮಾನ. ಅವನ ದನಿಯಿಂದಾಗಿ ಅವನನ್ನು ಎಲ್ಲರೂ ಗುಡುಗು ಎನ್ನುತ್ತಿದ್ದರು, ಎದುರಿಗಲ್ಲ. ಕುರಿಯವರ ಮುಂದೆ ಅವಳ ಚಿಕ್ಕಪ್ಪ. ಆವರೆಗೆ ಮಾತುಕತೆಯೆಲ್ಲ ಕೈಸನ್ನೆಯಲ್ಲಿ ನಡೆಯುತ್ತಿತ್ತು. ಕೈಸನ್ನೆ ಮಾಡುವ ಕೈಯಲ್ಲಿ ಕುಡುಗೋಲಿದ್ದರೆ ಎಷ್ಟು ಸಲೀಸಾಗಿ ಅರ್ಥವಾಗಬಹುದೋ ಅಷ್ಟು ಅರ್ಥವಾಗುತ್ತಿತ್ತು. ಯಾರೋ ಓಡಿಹೋಗಿ ಅವಳನ್ನು ಕರೆತಂದರು. ಅವಳ ಸೊಂಟಕ್ಕೆ ಇನ್ನೂ ನಾರು ಸುತ್ತಿತ್ತು.

"ಈ ಕಳ್ಳರಿಗೆ ಹೇಳು," ಎಂದ ಗುಡುಗು. "ಇನ್ನೊಂದು ಸಲ ಏರಿ ಹತ್ತಿದ್ರೆ ಒಬ್ಬೊಬ್ಬರ ಕಾಲು ಮುರಿದು ಕೈಗೆ ಕೊಡ್ತೀನಿ."

ಅವಳು ಗಂಡನ ಕಡೆ ನೋಡಿದಳು. ಅವನೂ ಒಂದು ಕುಡುಗೋಲು ಹಿಡಿದಿದ್ದ, ಹೇಗೆ ಹಿಡಿಯಬೇಕೆಂದು ಗೊತ್ತಿಲ್ಲದವನ ಹಾಗೆ. ಕೆಳಗೆ ಅವಳ ಜೊತೆ ಆಡಿ ಬೆಳೆದ ಚಿಕ್ಕಪ್ಪನ ಮಕ್ಕಳು. ಅವಳು ಕುರಿಯವರ ಮಾತಿನಲ್ಲಿ ಹೇಳಿದಳು:

"ಕುರಿ ಹತ್ತಿದ್ರೆ ಏರಿ ಮಣ್ಣು ಕುಸಿಯುತ್ತಂತೆ ಚಿಕ್ಕಪ್ಪ. ಯಾರದಾದ್ರೂ ಕಾಲು ಗೀಲು ಮುರಿದೀತು ಅಂತ ಯಜಮಾನರಿಗೆ ಚಿಂತೆ."

"ಇಷ್ಟು ಹೇಳೋಕೆ ಅಷ್ಟು ಕೂಗಬೇಕಿತ್ತಾ?"

"ಅವರ ದನಿಯೇ ಹಾಗೆ. ಮನೇಲಿ ಕುಡಿಯೋಕೆ ನೀರು ಕೇಳಿದ್ರೂ ಹಾಗೇ ಕೇಳ್ತಾರೆ."

ಇದು ನಿಜವಾಗಿತ್ತು. ಚಿಕ್ಕಪ್ಪ ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿ ಹೇಳಿದ: "ಆ ಕೊಬ್ಬಿದ ಕೋಣಕ್ಕೆ ಹೇಳು. ಅವನ ತಾತ ಮೂಗು ಒರೆಸಿಕೊಳ್ಳೋದು ಕಲಿಯೋಕೆ ಮುಂಚೆ ನಮ್ಮ ತಾತ ಈ ಕೆರೇಲಿ ಕುರಿಗೆ ನೀರು ಕುಡಿಸಿದ್ದ."

ಅವಳು ಏರಿಯ ಕಡೆ ತಿರುಗಿದಳು. "ನಿಮ್ಮ ತಾತನ ಕಾಲದಿಂದ ಈ ಕೆರೆ ಋಣ ನಮ್ಮ ಮೇಲಿದೆ ಅಂತಾರೆ ಯಜಮಾನ್ರೇ."

ಗುಡುಗಿನ ಹುಬ್ಬು ಮೇಲೇರಿತು. "ನಮ್ಮ ತಾತ ಇವರಿಗೆ ಗೊತ್ತಾ?"

"ಬೆಟ್ಟದ ಆಚೆಗೂ ಗೊತ್ತಂತೆ."

ಆಮೇಲೆ ಕೆಲಸ ಅಷ್ಟು ಕಷ್ಟವಾಗಲಿಲ್ಲ. ಊರಿನ ಎಮ್ಮೆಗಳು ನೀರು ಕುಡಿದು ಹೋದ ಮೇಲೆ ಕುರಿಗಳು ತೂಬಿನ ಕಡೆಯಿಂದ ಇಳಿಯುವುದು, ಗೋಧಿ ಕಳೆದುಕೊಂಡವನ ಹೊಲದಲ್ಲಿ ಐದು ರಾತ್ರಿ ಮಂದೆ ನಿಲ್ಲಿಸಿ ಗೊಬ್ಬರ ಕೊಡುವುದು, ಏರಿ ಮೇಲೆ ಯಾರೂ ಹತ್ತದಿರುವುದು ಎಂದು ತೀರ್ಮಾನವಾಯಿತು. ಇದು ಕುರಿಯವರ ಬೇಡಿಕೆ, ದೊಡ್ಡ ಮನಸ್ಸು ಮಾಡಿ ಒಪ್ಪಿದೆ ಎಂದು ಗುಡುಗು ತಿಳಿದ. ಊರಿನವರು ಕೈ ಮುಗಿದು ಕೇಳಿಕೊಂಡರು, ಹೋಗಲಿ ಎಂದು ಬಿಟ್ಟೆ ಎಂದು ಚಿಕ್ಕಪ್ಪ ತಿಳಿದ. ಹತ್ತೊಂಬತ್ತು ವರ್ಷದ ಹೆಂಗಸೊಬ್ಬಳು ನಿಂತ ನಿಲುವಿನಲ್ಲಿ ಮಾಡಿದ ಕಾನೂನು ಅದು ಎಂದು ಗೊತ್ತಿದ್ದದ್ದು ಅವಳಿಗೆ ಮಾತ್ರ. ಅಥವಾ ಅವಳು ಹಾಗೆಂದುಕೊಂಡಿದ್ದಳು. ಮನೆಗೆ ಬಂದ ಮೇಲೆ ಗಂಡ ಕೈಕಾಲು ತೊಳೆದುಕೊಳ್ಳುತ್ತ, "ತಾತನ ವಿಷಯ ಸ್ವಲ್ಪ ಜಾಸ್ತಿ ಆಯ್ತು," ಎಂದ. ಮಾತಾಡದವನು ರಾಟೆಯ ಬಳಿ ಅವಳು ತನ್ನಷ್ಟಕ್ಕೆ ಆಡಿಕೊಳ್ಳುವುದನ್ನು ಒಂದು ವರ್ಷ ಸುಮ್ಮನೆ ಕೇಳಿಸಿಕೊಂಡೇ ಅವಳ ಭಾಷೆ ಕಲಿತಿದ್ದ.

ಹೀಗೆ ಇಪ್ಪತ್ತೆರಡು ಸುಗ್ಗಿ ಕಳೆದವು. ಅವಳು ಕೆಲಸದಲ್ಲಿ ಪಳಗಿದಳು. ಅವಳಿಗೂ ಒಂದು ನೇಮವಿತ್ತು: ದಿನ, ಜಾಗ, ಕುರಿಗಳ ಸಂಖ್ಯೆ, ಈ ಮೂರನ್ನು ಎಂದೂ ತಿದ್ದಲಿಲ್ಲ. ಹತ್ತು ದಿನ ಎಂದರೆ ಹತ್ತೇ ದಿನ. ಅವಳು ಬದಲಾಯಿಸುತ್ತಿದ್ದದ್ದು ಹತ್ತು ದಿನದ ಹಿಂದೆ ಮುಂದೆ ಬರುವ ಕತ್ತೆ, ಕೋಣ, ನಾಯಿಗಳನ್ನು. ಅವುಗಳ ಜಾಗದಲ್ಲಿ ಅಣ್ಣ, ಹಿರಿಯರು, ತಮ್ಮಂಥವರು ಎಂದು ಇಡುತ್ತಿದ್ದಳು. ಸಿಕ್ಕಿದ್ದೇನೆಂದರೆ ವರ್ಷಕ್ಕೊಂದು ಕಂತೆ ಉಣ್ಣೆ, ಮತ್ತು ಎರಡೂ ಕಡೆಯಿಂದ, ಅವಳು ನಮ್ಮವಳು ಎಂಬ ಮಾತು.

ಅವಳು ಎಣಿಸದೇ ಇದ್ದ ಒಂದು ಸಂಗತಿಯೂ ನಡೆಯಿತು. ಗುಡುಗು, ಚಿಕ್ಕಪ್ಪ ಇಬ್ಬರು ಮುದುಕರಿಗೂ ಒಬ್ಬರ ಮೇಲೊಬ್ಬರಿಗೆ ಪ್ರೀತಿ ಹುಟ್ಟಿತು. ಕುರಿಯವರ ಹಿರಿಯ ಗುಡ್ಡಗಾಡಿನವನಾದರೂ ಮರ್ಯಾದಸ್ಥ, ಮಾತಿನಲ್ಲಿ ಎಂಥ ತೂಕ ಎಂದು ಗುಡುಗು ಊರೆಲ್ಲ ಹೊಗಳುತ್ತಿದ್ದ. ಆ ತೂಕದ ಮಾತೆಲ್ಲ ಹಗ್ಗದ ಅಂಗಳದವಳದ್ದು. ಒಂದು ವರ್ಷ ಗುಡುಗಿನ ಹೆಂಡತಿ ತೀರಿಕೊಂಡಿದ್ದಳು. ಕುರಿಯವರು ಬಂದಾಗ ಚಿಕ್ಕಪ್ಪ ಅವನ ಮನೆಯಂಗಳಕ್ಕೆ ಹೋದ. ಎರಡು ನಾಲಿಗೆಯಕ್ಕ ಜೊತೆಗಿದ್ದು, "ಮನೆಯ ದೀಪ ಹೋದ ಮೇಲೆ ಮನುಷ್ಯ ತನ್ನ ಮನೇಲೇ ದಾರಿ ತಪ್ಪುತ್ತಾನೆ, ನಾನೂ ಹಾಗೆ ತಪ್ಪಿದವನು ಅಂತಾರೆ," ಎಂದಳು. ಗುಡುಗು ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡ. ಆ ಸಲ ಮಾತ್ರ ಅವನು ಕೂಗಲಿಲ್ಲ.

ಆಮೇಲೆ ಮಳೆ ಕೈಕೊಟ್ಟ ವರ್ಷ ಬಂತು. ಕೆರೆ ಮುಕ್ಕಾಲು ಪಾಲು ಒಣಗಿ ನಡುವೆ ತಟ್ಟೆಯಷ್ಟು ನೀರು ಉಳಿಯಿತು. ಇಂಥ ಕಡೆ ಜಗಳವಾಗುತ್ತದೆ ಎಂದು ದೂರದ ಕಚೇರಿಯೊಂದಕ್ಕೆ ಹೊಳೆಯಿತು. ಅವರು ಸಾಮರಸ್ಯ ಸಮಿತಿ ಎಂಬ ಹೆಸರಿನಲ್ಲಿ ಒಂದು ಜೀಪು, ಹನ್ನೆರಡು ಪ್ಲಾಸ್ಟಿಕ್ ಕುರ್ಚಿ, ಒಂದು ಬ್ಯಾನರು ತೆಗೆದುಕೊಂಡು ಬಂದರು. ಇಲ್ಲಿ ಇಪ್ಪತ್ತೆರಡು ವರ್ಷದಿಂದ ಜಗಳವಾಗಿಲ್ಲ ಎಂದು ಗುಡುಗು ಹೇಳಿದ. ಅದು ಹೇಗೆ ಎಂದು ಅಧಿಕಾರಿ ಕೇಳಿದರು. ಗುಡುಗು ಹೆಮ್ಮೆಯಿಂದ ಅವಳನ್ನು ತೋರಿಸಿದ.

ಅಧಿಕಾರಿ ಒಳ್ಳೆಯ ಮನುಷ್ಯರು. ಅವಳಿಗೆ ನಮಸ್ಕಾರ ಮಾಡಿ, ಒಂದು ಪ್ರಮಾಣಪತ್ರ ಬರೆದುಕೊಟ್ಟರು. ಆಮೇಲೆ, "ಆದ್ರೆ ನೋಡಿ ಅಮ್ಮ, ನೀವು ಇಬ್ಬರಿಗೂ ಸಂಬಂಧ. ಅನುವಾದ ಮಾಡುವವರು ಯಾರ ಕಡೆಯವರೂ ಆಗಿರಬಾರದು. ಇನ್ನು ಮೇಲೆ ಇವರು ಮಾಡ್ತಾರೆ," ಎಂದು ಒಬ್ಬಳು ತರುಣಿಯನ್ನು ಮುಂದಕ್ಕೆ ಕರೆದರು. ಕುರಿಯವರ ಭಾಷೆಯನ್ನೇ ಓದಿ ಪದವಿ ಪಡೆದವಳು. ಕನ್ನಡಕ, ನೋಟು ಪುಸ್ತಕ, ಶುದ್ಧ ಉಚ್ಚಾರಣೆ. ಎರಡು ನಾಲಿಗೆಯಕ್ಕನಿಗೆ ಹಿಂದಿನ ಸಾಲಿನಲ್ಲಿ ಕುರ್ಚಿ ಸಿಕ್ಕಿತು. ಸಭೆಯಲ್ಲಿ ಅವಳು ಕುಳಿತದ್ದು ಅದೇ ಮೊದಲು.

ಗುಡುಗು ಎಂದಿನಂತೆ ಶುರು ಮಾಡಿದ. "ಈ ಸಲ ನೀರಿಲ್ಲ. ಈ ಕಳ್ಳ ನನ್ಮಕ್ಕಳಿಗೆ ಹತ್ತೇ ದಿನ ಅಂತ ಹೇಳಿ." ಅವನಿಗೆ ಅದು ಬೈಗುಳವೇ ಅಲ್ಲ. ಮಾತಿಗೆ ಮುಂಚೆ ಗಂಟಲು ಸರಿ ಮಾಡಿಕೊಂಡ ಹಾಗೆ.

ತರುಣಿ ಬರೆದುಕೊಂಡು, ಎದ್ದು ನಿಂತು, ಎಲ್ಲವನ್ನೂ ಹೇಳಿದಳು. 'ಕಳ್ಳ' ಎಂಬುದಕ್ಕೆ ಕುರಿಯವರ ಭಾಷೆಯಲ್ಲಿ ಎರಡು ಪದಗಳಿವೆ, ಮನೆಗೆ ಕನ್ನ ಹಾಕುವವನಿಗೊಂದು, ಮರಿ ಕದಿಯುವವನಿಗೊಂದು. ಎರಡನೆಯದು ಅವರಲ್ಲಿ ಸಾಯುವವರೆಗೆ ಮರೆಯದ ಮಾತು. ತರುಣಿ ಎರಡನೆಯದನ್ನು ಆರಿಸಿದಳು. ಸಂದರ್ಭಕ್ಕೆ ಅದೇ ಹೆಚ್ಚು ಹತ್ತಿರವೆಂದು ಅವಳ ಓದು ಹೇಳಿತ್ತು.

ಚಿಕ್ಕಪ್ಪನಿಗೆ ಮೊದಲು ನಂಬಿಕೆಯಾಗಲಿಲ್ಲ. ಆಮೇಲೆ ಬಾಯಿಗೆ ಬಂದದ್ದನ್ನೆಲ್ಲ ಅಂದ. ತರುಣಿ ಊರಿನವರ ಕಡೆ ತಿರುಗಿ, "ನೀವು ಕೊಬ್ಬಿದ ಕೋಣ ಎಂದು ಇವರು ಹೇಳುತ್ತಿದ್ದಾರೆ," ಎಂದಳು. "ನಿಮ್ಮ ತಾತನವರೂ ಕೂಡ."

"ಇಪ್ಪತ್ತೆರಡು ವರ್ಷ ನಮ್ಮ ತಾತನ್ನ ಹೊಗಳಿದವನು ಇವತ್ತು ಹೀಗಂತಾನಾ?" ಗುಡುಗಿನ ದನಿ ಎಂದೂ ಇಲ್ಲದಷ್ಟು ಸಣ್ಣಗಾಗಿತ್ತು. ತರುಣಿ ಅದನ್ನೂ ದಾಟಿಸಿದಳು.

"ಇವನ ತಾತನ್ನ ನಾನು ಯಾವತ್ತು ಹೊಗಳಿದೆ?" ಎಂದ ಚಿಕ್ಕಪ್ಪ. ಅದೂ ಇತ್ತ ಬಂತು.

ಇಬ್ಬರು ಮುದುಕರೂ ನಿಧಾನವಾಗಿ ತಲೆ ತಿರುಗಿಸಿ ಹಿಂದಿನ ಸಾಲಿನ ಕುರ್ಚಿಯ ಕಡೆ ನೋಡಿದರು. ಎರಡು ನಾಲಿಗೆಯಕ್ಕನಿಗೆ ಆಗ ಒಂದೂ ಹೊರಳಲಿಲ್ಲ.

ಹೊಡೆದಾಟ ಕಾಲು ಗಂಟೆ ನಡೆಯಿತು. ಗುಡುಗಿನ ಹೆಗಲ ಮೂಳೆ ಮುರಿಯಿತು, ಚಿಕ್ಕಪ್ಪನ ಮೂರು ಹಲ್ಲು ಉದುರಿದವು, ಒಂಬತ್ತು ಕುರ್ಚಿಗಳು ಕೆಲಸಕ್ಕೆ ಬಾರದಂತಾದವು. ಸಂಜೆ ಯಾರೋ ಒಂದು ಬಣವೆಗೆ ಬೆಂಕಿಯಿಟ್ಟರು, ಇನ್ಯಾರೋ ಎರಡು ಕತ್ತೆಗಳ ಕಾಲು ಕಡಿದರು. ಉಭಯ ಬಣಗಳ ನಡುವೆ ಮೊಟ್ಟಮೊದಲ ಬಾರಿಗೆ ಸ್ಪಷ್ಟವಾದ ಸಂವಹನ ಏರ್ಪಟ್ಟಿತು ಎಂದು ಸಮಿತಿಯ ವರದಿಯಲ್ಲಿ ಬರೆಯಲಾಯಿತು. ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

ಮರುದಿನದಿಂದ ಊರಿನವರು ಕೆರೆಗೆ ಕಾವಲು ನಿಂತರು. ಹತ್ತು ದಿನ ಎದುರು ದಡದಲ್ಲಿದ್ದು ಕುರಿಯವರು ಬೇರೆ ದಾರಿ ಹಿಡಿದರು. ದಾರಿಯಲ್ಲಿ ನೂರಾರು ಕುರಿ ಸತ್ತವೆಂದು ಆಮೇಲೆ ಸುದ್ದಿ ಬಂತು. ಕುರಿಯವರು ಹೋದ ಮೇಲೂ ಊರಿನವರು ಕಾವಲು ಬಿಡಲಿಲ್ಲ. ಸರದಿಯ ಮೇಲೆ ಹಗಲಿಡೀ ಕೋಲು ಹಿಡಿದು ಕಾದರು. ಅವರ ಕಣ್ಣೆದುರಿಗೇ ಬಿಸಿಲು ಆ ನೀರನ್ನು ಕುಡಿದು ಮುಗಿಸಿತು. ಮೂರು ವಾರಕ್ಕೆ ಅವರು ಕಾಯುತ್ತಿದ್ದದ್ದು ಬಿರುಕುಬಿಟ್ಟ ಕೆಸರನ್ನು. ಆದರೂ ಅದರಲ್ಲಿ ಪಾಲು ಕೇಳಲು ಯಾರೂ ಬರಲಿಲ್ಲವೆಂಬುದು ಒಂದು ಸಮಾಧಾನ.

ಕುರಿಯವರು ಹೊರಡುವ ಮೊದಲು ಅವಳು ಒಮ್ಮೆ ಬೀಡಿಗೆ ಹೋಗಿದ್ದಳು. ಚಿಕ್ಕಪ್ಪ ಬಾಯಿಗೆ ಬಟ್ಟೆ ಒತ್ತಿಕೊಂಡು ಕುಳಿತಿದ್ದ.

"ಇಪ್ಪತ್ತೆರಡು ವರ್ಷ ನನ್ನ ಬಾಯಲ್ಲಿ ನಿನ್ನ ಮಾತಿಟ್ಟು ಕುಣಿಸಿದೆ, ಅಲ್ವಾ ಮಗಳೇ?"

"ನಿಮ್ಮ ಮಾತೇ ಇಟ್ಟಿದ್ರೆ ಹಲ್ಲು ಆವತ್ತೇ ಹೋಗ್ತಿದ್ವು ಚಿಕ್ಕಪ್ಪ."

ಅವನು ನಗಲಿಲ್ಲ. ಇನ್ನು ಬರಬೇಡ ಎಂದ. ಊರಿನಲ್ಲೂ ಅದೇ ಪಾಡು. ಬಾವಿಕಟ್ಟೆಯಲ್ಲಿ ಅವಳು ಬಂದರೆ ಹೆಂಗಸರು ಕೊಡಗಳನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದರು. "ಎರಡು ನಾಲಿಗೆ ಬಂತು," ಎಂದು ಪಿಸುಗುಟ್ಟುತ್ತಿದ್ದರು, ಅಕ್ಕ ಎನ್ನುವುದನ್ನು ಉದುರಿಸಿ. ಹಗ್ಗ ಕೇಳಿಕೊಂಡು ಯಾರೂ ಬರಲಿಲ್ಲ. ಹಗ್ಗದವನು ಮಾತ್ರ ಎಂದಿನಂತೆ ಬೆಳಿಗ್ಗೆ ಎದ್ದು, ಯಾರಿಗೂ ಬೇಡದ ಹಗ್ಗವನ್ನು ಅಂಗಳದಲ್ಲಿ ಹಿಂದಕ್ಕೆ ನಡೆಯುತ್ತ ಹೊಸೆದ. ಅವಳು ರಾಟೆ ತಿರುಗಿಸಿದಳು. ನಿಲ್ಲಿಸಿ ಕೂತರೆ ಅತ್ತುಬಿಡುತ್ತೇನೆಂಬ ಭಯ ಅವಳಿಗೆ.

ಒಂದು ಮಧ್ಯಾಹ್ನ ಗುಡುಗು ಬಂದ. ಕೈಯನ್ನು ಕೊರಳಿಗೆ ಕಟ್ಟಿಕೊಂಡಿದ್ದ. ಬೈಯಲು ಬಂದಿದ್ದಾನೆ ಎಂದುಕೊಂಡು ಅವಳು ರಾಟೆ ನಿಲ್ಲಿಸಿದಳು. ಅವನು ಹಗ್ಗದ ಸುರುಳಿಯ ಮೇಲೆ ಕುಳಿತ.

"ಒಂದು ಕೇಳ್ತೀನಿ ತಾಯಿ. ನಿಜ ಹೇಳು. ನನ್ನ ಹೆಂಡತಿ ಹೋದಾಗ ಅವನು ಬಂದಿದ್ನಲ್ಲ. ಮನೆ ದೀಪ ಅಂತ ಏನೋ ಹೇಳಿದ. ಅದು ಅವನದಾ, ನಿಂದಾ?"

ಸುಳ್ಳು ಹೇಳುವುದು ಅವಳಿಗೆ ಕಷ್ಟವಾಗಿರಲಿಲ್ಲ. ಆದರೂ ಹೇಳಲಿಲ್ಲ. "ಮಾತು ನಂದು ಯಜಮಾನ್ರೇ. ಅವರು ಏನೂ ಹೇಳಲಿಲ್ಲ. ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ ಕೈಲಿ ಹಿಡ್ಕೊಂಡು ಸುಮ್ನೆ ನಿಂತಿದ್ರು. ನೀವು ನೋಡಿದ್ರಲ್ಲ."

"ನಿಂತಿದ್ದ," ಎಂದ ಗುಡುಗು. ಮತ್ತೆ, "ಬಿಸಿಲಲ್ಲಿ ನಿಂತಿದ್ದ," ಎಂದ. ಎದ್ದು ಹೋಗುವಾಗ, ಬೇಡದಿದ್ದರೂ, ಎರಡು ಮಾರು ಹಗ್ಗ ತೆಗೆದುಕೊಂಡು ಹೋದ.

ಮರುವರ್ಷ ಮಳೆ ಬಂತು, ಕೆರೆ ತುಂಬಿತು. ಗೊಬ್ಬರ ಕಾಣದ ಹೊಲಗಳಲ್ಲಿ ಗೋಧಿ ಮೊಣಕಾಲುದ್ದ ನಿಂತು ಅಲ್ಲೇ ತೆನೆ ಕಟ್ಟಿತು. ಕುರಿಯವರು ಇತ್ತ ಬರುವುದು ಬೇಡವೆಂದು ಎಲ್ಲರಿಗಿಂತ ಜೋರಾಗಿ ಕೂಗಿದವರೇ ಸುಗ್ಗಿ ಮುಗಿದ ಮೇಲೆ ದಿನಕ್ಕೆರಡು ಸಲ ಬೆಟ್ಟದ ದಾರಿ ನೋಡತೊಡಗಿದರು. ಆ ದಾರಿಯಲ್ಲಿ ಮೊದಲು ಬಂದದ್ದು ಸಮಿತಿಯ ಜೀಪು. ಕನ್ನಡಕದ ತರುಣಿ ಒಬ್ಬಳೇ ಇಳಿದು, ಹಗ್ಗದ ಅಂಗಳಕ್ಕೆ ಬಂದು, ನೋಟು ಪುಸ್ತಕ ತೆರೆದಳು. ಈ ನಡುವೆ ಅವಳು ಬೇರೆ ಮೂರು ಊರುಗಳಲ್ಲಿ ಸಭೆ ನಡೆಸಿದ್ದಳು. ಹಣೆಯ ಮೇಲೆ ಹೊಲಿಗೆಯ ಗುರುತಿತ್ತು.

"ಅಕ್ಕ, 'ಕಳ್ಳ ನನ್ಮಕ್ಕಳು' ಅನ್ನೋದಕ್ಕೆ ನೀವು ಏನಂತ ಹೇಳ್ತಿದ್ರಿ?"

"ನಮ್ಮ ಜನ ಅಂತ."

ತರುಣಿ ಬರೆದುಕೊಳ್ಳಲು ಹೋಗಿ ನಿಲ್ಲಿಸಿದಳು. "ಅದು ತಪ್ಪು ಅನುವಾದ ಅಲ್ವಾ?"

"ಹೂಂ. ತಪ್ಪೇ," ಎಂದು ಎರಡು ನಾಲಿಗೆಯಕ್ಕ ಅವಳ ಕೈಗೆ ರಾಟೆಯ ಹಿಡಿ ಕೊಟ್ಟಳು. "ಸ್ವಲ್ಪ ತಿರುಗಿಸ್ತಿರು. ಎಳೆ ಬಿಗಿ ಆಗಬಾರದು, ಸಡಿಲಾನೂ ಆಗಬಾರದು."

ನಾಲ್ಕು ದಿನ ಬಿಟ್ಟು ಕುರಿಯವರು ಬಂದರು, ಹಿಂದಿನ ಅರ್ಧದಷ್ಟು ಕುರಿಗಳೊಂದಿಗೆ. ಕೆರೆಯ ಬಳಿ ಸಭೆ ಸೇರಿತು. ತರುಣಿ ಎದ್ದು ನಿಲ್ಲುವಷ್ಟರಲ್ಲಿ ಗುಡುಗು ಕೈ ಅಡ್ಡ ಹಿಡಿದ. "ನೀನು ಕೂತ್ಕೋ ಮಗಳೇ. ಹಗ್ಗದವನ ಹೆಂಡತಿ ಹೇಳಲಿ." ಅತ್ತ ಚಿಕ್ಕಪ್ಪನೂ ಗಲ್ಲ ಎತ್ತಿ ಅವಳನ್ನೇ ತೋರಿಸಿದ. ಒಂದು ವರ್ಷದಲ್ಲಿ ಇಬ್ಬರೂ ಒಪ್ಪಿದ ಮೊದಲ ವಿಷಯ ಅದು.

ಅವಳು ಮುಂದೆ ಬಂದಳು. ಒಂದು ವರ್ಷದ ಅವಮಾನ ಎದೆಯಲ್ಲಿ ಹೆಪ್ಪುಗಟ್ಟಿತ್ತು. ಈ ಸಲ ಒಂದು ಪದವನ್ನೂ ತಿದ್ದುವುದಿಲ್ಲ, ಏನು ಬೇಕಾದರೂ ಆಗಲಿ ಎಂದು ಮನೆಯಿಂದಲೇ ನಿಶ್ಚಯಿಸಿಕೊಂಡು ಬಂದಿದ್ದಳು.

ಚಿಕ್ಕಪ್ಪ ಹಲ್ಲಿಲ್ಲದ ಬಾಯಲ್ಲಿ ಹೇಳಿದ: "ಕೇಳು ಆ ಬಾಯಿಬಡುಕನ್ನ. ಅರ್ಧ ಮಂದೆ ಕೊಂದ ಪಾಪಿ, ಈಗ ಹೊಟ್ಟೆ ತಣ್ಣಗಾಯ್ತಾ ಅಂತ."

ಅವಳು ಇತ್ತ ತಿರುಗಿ ಹಾಗೇ ಹೇಳಿದಳು. ಬಾಯಿಬಡುಕ, ಪಾಪಿ, ಅರ್ಧ ಮಂದೆ, ಹೊಟ್ಟೆ, ಎಲ್ಲ. ಹಿಂದೆ ನಿಂತಿದ್ದ ಗಂಡನ ಮುಖ ಬಿಳಿಚಿಕೊಂಡಿತು. ತರುಣಿ ಹಣೆ ಮುಟ್ಟಿಕೊಂಡಳು.

ಗುಡುಗು ಅವಳನ್ನು ಒಂದು ಗಳಿಗೆ ದಿಟ್ಟಿಸಿದ. ಆಮೇಲೆ ಅವನ ಹೊಟ್ಟೆ ನಗುವಿನಿಂದ ಕುಲುಕಿತು. "ನಿನಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ, ಅಲ್ವಾ ತಾಯಿ? ಅವನು ಹಾಗೆಲ್ಲ ಅನ್ನೋನಲ್ಲ. ಇದೆಲ್ಲ ನಿಂದೇ." ನಗು ಹಿಂದಿನವರಿಗೂ ಹರಡಿತು. ನಗು ನಿಂತ ಮೇಲೆ ಅವನು ಮುಖ ಒರೆಸಿಕೊಂಡು, "ಕುರಿ ಸತ್ತಿದ್ದು ಕೇಳ್ದೆ ಅಂತ ಹೇಳು. ಅವನ ಸೊಕ್ಕಿಗೆ ಸರಿಯಾಯ್ತು ಅಂದ್ಕೊಂಡಿದ್ದೆ. ಆಮೇಲೆ ಯಾಕೋ ಊಟ ಸೇರಲಿಲ್ಲ," ಎಂದ.

ಅದನ್ನೂ ಅವಳು ಸೊಕ್ಕಿನ ಸಮೇತ ದಾಟಿಸಿದಳು. ಚಿಕ್ಕಪ್ಪ ತಲೆಯಾಡಿಸಿದ. "ಊಟ ಸೇರಲಿಲ್ಲ ಅನ್ನೋದು ನೀನು ಸೇರಿಸಿದ್ದು," ಎಂದ.

"ಅಲ್ಲ ಚಿಕ್ಕಪ್ಪ, ಅವರೇ ಅಂದಿದ್ದು."

"ಆಯ್ತು ಬಿಡು. ಚೆನ್ನಾಗಿ ಸೇರಿಸಿದೀಯ."

ಅವಳು ಆಣೆ ಪ್ರಮಾಣ ಮಾಡಿ ಹೇಳಿದಳು. ಇಬ್ಬರೂ ನಂಬಲಿಲ್ಲ. ಇಪ್ಪತ್ತೆರಡು ವರ್ಷ ಹೇಳಿದ ಸುಳ್ಳಿನ ಮೇಲೆ ನಿಂತಿದ್ದ ಮಾತುಕತೆ ಒಂದೇ ಒಂದು ನಿಜವನ್ನು ಯಾರೂ ನಂಬದೇ ಇದ್ದದ್ದರಿಂದ ಮತ್ತೆ ಮುಂದುವರಿಯಿತು. ದಿನ, ಜಾಗ, ಸಂಖ್ಯೆಗಳ ವಿಷಯದಲ್ಲಿ ಮಾತ್ರ ಇಬ್ಬರೂ ಅವಳನ್ನು ಮರುಮಾತಿಲ್ಲದೆ ನಂಬಿದರು. ಮೂವತ್ತು ದಿನ, ತೂಬಿನ ಕಡೆಯ ಇಳಿಜಾರು, ಸುಟ್ಟ ಬಣವೆಗೂ ಹೋದ ಕತ್ತೆಗಳಿಗೂ ಸಮ ಎಂದು ಸೂರ್ಯ ನೆತ್ತಿಗೆ ಬರುವುದರೊಳಗೆ ಇತ್ಯರ್ಥವಾಯಿತು.

ಮೊದಲ ಮಂದೆ ಗುಡುಗಿನ ಹೊಲದಲ್ಲಿ ನಿಂತಿತು. ಮರುದಿನ ಇಳಿಹೊತ್ತಿನಲ್ಲಿ ನಾರು ಬಿಡಿಸಲು ಕತ್ತಾಳೆ ಪಟ್ಟೆ ನೆನೆಹಾಕಲು ಕೆರೆಗೆ ಹೊರಟ ಎರಡು ನಾಲಿಗೆಯಕ್ಕ ಬದುವಿನ ಮೇಲೆ ಇಬ್ಬರೂ ಮುದುಕರು ಕುಳಿತಿರುವುದನ್ನು ಕಂಡಳು. ಒಬ್ಬನ ಭಾಷೆ ಇನ್ನೊಬ್ಬನಿಗೆ ಬಾರದು. ಆದರೂ ಇಬ್ಬರೂ ಏಕಕಾಲಕ್ಕೆ, ಕೈ ಬೀಸುತ್ತ, ಉತ್ತರಕ್ಕೂ ಕಾಯದೆ ಮಾತಾಡುತ್ತಿದ್ದರು. ಗುಡುಗು ಅವಳನ್ನು ನೋಡಿ ಬಾ ಎಂದು ಕರೆದ. ತಲೆಯ ಮೇಲಿನ ಹೊರೆ ತೋರಿಸಿ, ಪಟ್ಟೆ ಒಣಗುತ್ತದೆ ಎಂದು ಹೇಳಿ ಅವಳು ಕೆರೆಯ ಕಡೆ ನಡೆದಳು.